ಚಳಿಗಾಲದ ಟಯರಿನ ಮುಪ್ಪು

ಮೋಟಾರಿನ ಟಯರನ್ನು ಬದಲಾಯಿಸಬೇಕೇ ಬೇಡವೇ ಎಂಬುದನ್ನು ನಮ್ಮ ನಾಡಿನಲ್ಲಿ ಕಣ್ಣಿನಿಂದಲೇ ತೀರ್ಮಾನಿಸುವುದು ವಾಡಿಕೆ. ಮೈಮೇಲಿನ ಗೀರುಗಳು ಸವೆದು ಬೋಳಾದರೆ ಅದರ ಆಯುಷ್ಯ ಮುಗಿಯಿತೆಂದು ಲೆಕ್ಕ. ಚಳಿಗಾಲದಲ್ಲಿ ರಸ್ತೆಗಳ ಮೇಲೆ ಹಿಮ ಬೀಳುವ ಫಿನ್ಲೆಂಡ್, ಸ್ವೀಡನ್, ಜರ್ಮನಿಗಳಂಥ ದೇಶಗಳಲ್ಲಿ ಈ ಲೆಕ್ಕ ಸಾಲದು. ಅಲ್ಲಿ ಅನೇಕರು ಬೇಸಗೆಗೊಂದು, ಚಳಿಗಾಲಕ್ಕೊಂದು ಎಂದು ಎರಡು ಬಗೆಯ ಟಯರುಗಳನ್ನು ಇಟ್ಟುಕೊಂಡಿರುತ್ತಾರೆ. ಚಳಿಗಾಲದ ಟಯರು ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಓಡುವುದರಿಂದ, ಎಂಟು ಹತ್ತು ವರ್ಷ ಕಳೆದರೂ ಅದರ ಗೀರುಗಳು ಆಳವಾಗಿಯೇ ಉಳಿದಿರಬಹುದು. ನೋಟಕ್ಕೆ ಗಟ್ಟಿಮುಟ್ಟಾದ ಇಂಥ ಟಯರೇ ಮೋಸಮಾಡುವುದುಂಟು. ಸವೆಯುವುದು ಬೇರೆ, ಮುಪ್ಪಾಗುವುದು ಬೇರೆ.

ಚಳಿಗಾಲದ ಟಯರಿನ ವೈಶಿಷ್ಟ್ಯವಾದರೂ ಏನು? ರಬ್ಬರೆಂದರೆ ಸುರುಳಿಸುತ್ತಿಕೊಂಡ ನೀಳವಾದ ಅಣುಸರಪಣಿಗಳ ರಾಶಿ. ಗಂಧಕದ ಪರಮಾಣುಗಳು ಈ ಸರಪಣಿಗಳನ್ನು ಅಲ್ಲಲ್ಲಿ ಬೆಸೆಯುತ್ತವೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಹಿಡಿದ ವಿಧಾನ ಇದೇ. ಚಳಿ ಹೆಚ್ಚಿದಂತೆ ಸರಪಣಿಗಳ ಚಲನೆ ಕುಗ್ಗಿ, ಕೊನೆಗೆ ರಬ್ಬರು ಗಾಜಿನಂತೆ ಪೆಡಸಾಗುತ್ತದೆ. ಬೇಸಗೆಯ ಟಯರು ಸುಮಾರು 7 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೇ ಬಿರುಸಾಗತೊಡಗುತ್ತದೆ. ಚಳಿಗಾಲದ ಟಯರಿನಲ್ಲಾದರೋ ಕಡುಚಳಿಯಲ್ಲಿಯೂ ಮೆತ್ತಗಿರುವ ರಬ್ಬರುಗಳನ್ನೂ ಸಿಲಿಕವನ್ನೂ ಬೆರೆಸಿರುತ್ತಾರೆ. ಅದರ ಮೈಮೇಲೆ ಕೂದಲೆಳೆಯಂಥ ನೂರಾರು ಸೀಳುಗಳಿರುತ್ತವೆ. ರಬ್ಬರು ಬಾಗಿದಾಗ ಈ ಸೀಳುಗಳ ಅಂಚುಗಳು ಹಿಮವನ್ನು ಕಚ್ಚುತ್ತವೆ. ದೊಡ್ಡ ಗೀರುಗಳಲ್ಲಿ ಹಿಮವೇ ತುಂಬಿ ಗಟ್ಟಿಯಾಗಿ, ನೆಲದ ಹಿಮಕ್ಕೆ ಅಂಟಿಕೊಳ್ಳುತ್ತದೆ. ಪ್ರಪಂಚದ ಮೊದಲ ಚಳಿಗಾಲದ ಟಯರೆಂದು ಹೆಸರಾದುದು 1934ರಲ್ಲಿ ಫಿನ್ಲೆಂಡಿನ ನೋಕಿಯ ಎಂಬ ಊರಿನ ಕಾರ್ಖಾನೆ ಲಾರಿಗಳಿಗಾಗಿ ತಯಾರಿಸಿದ ಟಯರು.

ಇಷ್ಟೆಲ್ಲ ಗುಣವೂ ಮೆದುತನವನ್ನೇ ನೆಚ್ಚಿದೆ. ಮೇಜಿನ ಖಾನೆಯಲ್ಲಿ ಮರೆತುಬಿಟ್ಟ ರಬ್ಬರ್ ಬ್ಯಾಂಡು ಕೆಲವು ವರ್ಷಗಳ ಮೇಲೆ ಎಳೆದೊಡನೆ ತುಂಡಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಯಾರೂ ಬಳಸದಿದ್ದರೂ ಅದು ಹಾಳಾಯಿತು! ಗಾಳಿಯ ಆಮ್ಲಜನಕವೂ ಓಜೋನೂ ಬಿಸಿಲೂ ಸೇರಿ ಅಣುಸರಪಣಿಗಳನ್ನು ಕೆಲವೆಡೆ ಕತ್ತರಿಸುತ್ತವೆ, ಕೆಲವೆಡೆ ಹೊಸ ಬೆಸುಗೆ ಹಾಕುತ್ತವೆ. ಟಯರಿನಲ್ಲಿ ಬಳಸುವ ಕೃತಕ ರಬ್ಬರುಗಳಲ್ಲಿ ಸಾಮಾನ್ಯವಾಗಿ ಬೆಸುಗೆಯದೇ ಮೇಲುಗೈ. ಮೆದುವಾಗಿಸಲೆಂದು ಬೆರೆಸಿದ ಎಣ್ಣೆಯೂ ಮೆಲ್ಲಮೆಲ್ಲನೆ ಹೊರಬೀಳುತ್ತದೆ. ಹೀಗೆ ರಬ್ಬರು ವರ್ಷೇ ವರ್ಷೇ ಗಡುಸಾಗುತ್ತದೆ.

ಇದರ ಪರಿಣಾಮವನ್ನು ಒಂದು ಸಣ್ಣ ಗಣಿತದಿಂದ ಅರಿಯಬಹುದು. ಬ್ರೇಕು ಹಾಕಿದ ಮೇಲೆ ವಾಹನ ಜಾರುವ ದೂರವು ವೇಗದ ವರ್ಗಕ್ಕೆ ಅನುಲೋಮವಾಗಿಯೂ ಘರ್ಷಣಾಂಕಕ್ಕೆ ವಿಲೋಮವಾಗಿಯೂ ಇರುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು, ಘರ್ಷಣಾಂಕ 0.8 ಇರುವ ಒಣ ಡಾಂಬರಿನ ಮೇಲೆ ಸುಮಾರು 12 ಮೀಟರಿನಲ್ಲಿ ನಿಲ್ಲುತ್ತದೆ. ಗಟ್ಟಿಹಿಮದ ಮೇಲೆ ಘರ್ಷಣಾಂಕವು 0.2 ಎಂದಿಟ್ಟುಕೊಂಡರೆ 49 ಮೀಟರು ಬೇಕು. ಟಯರು ಗಡುಸಾಗಿ ಅದು 0.15ಕ್ಕೆ ಇಳಿಯಿತೆಂದು ಭಾವಿಸೋಣ. ದೂರವು 66 ಮೀಟರಾಗುತ್ತದೆ. ಹದಿನೇಳು ಮೀಟರು ತಾನೇ ಎನ್ನಬಹುದು. ಆದರೆ ಒಳ್ಳೆಯ ಟಯರಿನ ಕಾರು ಪೂರ್ಣವಾಗಿ ನಿಂತ ಜಾಗವನ್ನು ಮುದಿ ಟಯರಿನ ಕಾರು ಇನ್ನೂ 25 ಕಿಲೋಮೀಟರ್ ವೇಗದಿಂದ ದಾಟುತ್ತಿರುತ್ತದೆ. ಆ ಜಾಗದಲ್ಲಿ ಒಂದು ಮಗು ರಸ್ತೆ ದಾಟುತ್ತಿದ್ದರೆ?

ವಯಸ್ಸನ್ನು ತಿಳಿಯುವುದು ಕಷ್ಟವಲ್ಲ. ಟಯರಿನ ಪಕ್ಕದ ಗೋಡೆಯಲ್ಲಿ ಡಿ.ಒ.ಟಿ. ಎಂಬ ಅಕ್ಷರಗಳಿಂದ ಮೊದಲಾಗುವ ಸಾಲಿನ ಕೊನೆಯ ನಾಲ್ಕು ಅಂಕೆಗಳನ್ನು ನೋಡಬೇಕು. 3519 ಎಂದಿದ್ದರೆ 2019ನೆಯ ವರ್ಷದ 35ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ನಮ್ಮಲ್ಲಿಂದ ವ್ಯಾಸಂಗಕ್ಕೆಂದು ಆ ದೇಶಗಳಿಗೆ ಹೋಗಿ ಹಳೆಯ ಕಾರು ಕೊಳ್ಳುವ ವಿದ್ಯಾರ್ಥಿಗಳು ಬಣ್ಣಕ್ಕಿಂತ ಮೊದಲು ಈ ಅಂಕೆಗಳನ್ನು ಓದುವುದು ಮೇಲು. ಹತ್ತು ವರ್ಷವಾದುದನ್ನು ಗೀರು ಎಷ್ಟೇ ಆಳವಿದ್ದರೂ ತೆಗೆದುಹಾಕಬೇಕೆಂದು ಹಲವು ತಯಾರಕರು ಹೇಳುತ್ತಾರೆ. ಹಿಮದ ಮೇಲಿನ ಹಿಡಿತ ಅದಕ್ಕೂ ಮುಂಚೆಯೇ ಕುಗ್ಗಿರಬಹುದಾದ್ದರಿಂದ, ಐದಾರು ವರ್ಷಗಳಾದ ಮೇಲೆ ಪ್ರತಿ ಚಳಿಗಾಲಕ್ಕೆ ಮುನ್ನ ಪರೀಕ್ಷಿಸುವುದು ನಮಗೆ ಸರಿಯೆನಿಸುತ್ತದೆ. ಸ್ಪ್ರಿಂಗಿನಿಂದ ಮೊಂಡುಮುಳ್ಳೊಂದನ್ನು ರಬ್ಬರಿಗೆ ಒತ್ತಿ ಗಡಸುತನವನ್ನು ಅಳೆಯುವ ಷೋರ್ ಮಾಪಕವೆಂಬ ಉಪಕರಣವಿದೆ. ಅದರ ಅಂಕಿಯನ್ನು ಅದೇ ಬಗೆಯ ಹೊಸ ಟಯರಿನ ಅಂಕಿಯೊಡನೆ, ಅದೇ ಉಷ್ಣತೆಯಲ್ಲಿ ಹೋಲಿಸಿದರೆ ಮಾತ್ರ ಪ್ರಯೋಜನ. ಗೀರುಗಳ ಬುಡದಲ್ಲಿ ಸಣ್ಣ ಬಿರುಕುಗಳು ಕಂಡರಂತೂ ಮಾಪಕವೇ ಬೇಕಿಲ್ಲ.

ಆಳವನ್ನು ಕಡೆಗಣಿಸಬೇಕೆಂದಲ್ಲ. ಜರ್ಮನಿಯ ಕಾನೂನಿಗೆ 1.6 ಮಿಲಿಮೀಟರ್ ಸಾಕು. ಸ್ವೀಡನ್, ಫಿನ್ಲೆಂಡುಗಳು ಚಳಿಗಾಲದಲ್ಲಿ 3, ಆಸ್ಟ್ರಿಯವು 4 ಮಿಲಿಮೀಟರ್ ಕೇಳುತ್ತವೆ. ಸೀಳುಗಳು ಎಷ್ಟೋ ಟಯರುಗಳಲ್ಲಿ ಬುಡದವರೆಗೆ ಇಳಿದಿರುವುದಿಲ್ಲವಾದ್ದರಿಂದ ಆಸ್ಟ್ರಿಯದ ಮಿತಿಯೇ ಹೆಚ್ಚು ವಿವೇಕದ್ದು.

ಬೇಸಗೆಯಲ್ಲಿ ಬಿಚ್ಚಿಟ್ಟ ಟಯರುಗಳನ್ನು ತಂಪಾದ, ಒಣಗಿದ, ಕತ್ತಲೆಯ ಕೋಣೆಯಲ್ಲಿಡಬೇಕು. ಅಲ್ಲಿ ಕಿಡಿಹಾರುವ ವಿದ್ಯುತ್ ಮೋಟಾರು ಇರಬಾರದು. ಆ ಕಿಡಿಗಳಿಂದಲೂ ಓಜೋನ್ ಹುಟ್ಟುತ್ತದೆ.