ನಿಮಗಿದು ಗೊತ್ತೆ? ಬುಡ ಕುಟ್ಟಿದರೆ ಬಾಯಿಬಿಡುವ ಚಾಕು

ಅಗ್ಗದ ಮಡಚುವ ಚಾಕು ನಾಲ್ಕು ದಿನವೂ ಬಾಳದು ಎಂಬ ಮಾತಿಗೆ ಫ್ರಾನ್ಸ್‌ನ ‘ಒಪಿನೆಲ್’ ಅಪವಾದ. ಆಲ್ಪ್ಸ್ ತಪ್ಪಲಿನ ಸವೋಯ್ ಸೀಮೆಯ ಕಮ್ಮಾರ ಮನೆತನದ ಜೋಸೆಫ್ ಒಪಿನೆಲ್ 1890ರಲ್ಲಿ ಇದನ್ನು ರೂಪಿಸಿದರು. ಆಗ ಇದ್ದದ್ದು ಅಲಗು, ಬೀಚ್ ಮರದ ಹಿಡಿ, ಹಿಡಿಯ ಕೊರಳಿಗೊಂದು ಲೋಹದ ಪಟ್ಟಿ, ಒಂದು ಮೊಳೆ, ಇಷ್ಟೇ. ತೆರೆದ ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ ತಡೆಯುವ ತಿರುಗುಬಳೆ ಸೇರಿದ್ದು 1955ರಲ್ಲಿ.

ಕೊಳ್ಳುವಾಗ ಮೊದಲು ಆ ಬಳೆಯನ್ನೇ ತಿರುಗಿಸಿ ನೋಡಬೇಕು. ಅದು ತುಸು ಬಿಗಿಯಾಗಿ ಕೂತು, ತೆರೆದ ಅಲಗು ಅತ್ತಿತ್ತ ಅಲುಗದಿದ್ದರೆ ಚಾಕು ಒಳ್ಳೆಯದೇ. ಮಡಚಿದಾಗ ಅಲಗು ಹಿಡಿಯ ಸೀಳಿನ ನಡುವೆ ಇಳಿಯಬೇಕು, ಒಂದು ಪಕ್ಕಕ್ಕೆ ಉಜ್ಜಬಾರದು. ಹೊಳಪು ನೋಡಿ ಮರುಳಾಗಬೇಡಿ. ಕಾರ್ಬನ್ ಉಕ್ಕಿನ ಅಲಗು ನಿಂಬೆಹಣ್ಣು ಹೆಚ್ಚಿದರೆ ಕಪ್ಪಾಗುತ್ತದೆ, ಒದ್ದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಆದರೆ ಸಾಣೆಗೆ ಬೇಗ ಬಗ್ಗುತ್ತದೆ. ಕಪ್ಪಾಗುವುದು ದೋಷವಲ್ಲ, ತುಕ್ಕು ದೋಷ. ಒರೆಸಿಡುವ ಅಭ್ಯಾಸವಿಲ್ಲದವರಿಗೆ ಸ್ಟೇನ್‌ಲೆಸ್ ಸ್ಟೀಲೇ ಸರಿ.

ಮಳೆಗಾಲದಲ್ಲಿ ನಮ್ಮ ಬಾಗಿಲುಗಳಂತೆ ಈ ಚಾಕುವಿನ ಮರವೂ ಉಬ್ಬಿ, ಅಲಗು ಒಳಗೇ ಸಿಕ್ಕಿಕೊಳ್ಳುವುದುಂಟು. ಉಗುರಿನಿಂದ ಎಳೆದಾಡಬೇಕಿಲ್ಲ. ಬಳೆ ಸಡಿಲಿಸಿ ಹಿಡಿಯ ಬುಡವನ್ನು ಮೇಜಿನ ಅಂಚಿಗೆ ಕುಟ್ಟಿದರೆ ಅಲಗಿನ ತುದಿ ಹೊರಗೆ ಇಣುಕುತ್ತದೆ. ಇದಕ್ಕೆ ಫ್ರಾನ್ಸ್‌ನಲ್ಲಿ ‘ಸವೋಯ್‌ನವರ ಏಟು’ ಎಂದೇ ಹೆಸರು!

ಅಲಗಿನ ಮೇಲಿನ ಗುರುತನ್ನೂ ನೋಡಿಕೊಳ್ಳಿ: ಆಶೀರ್ವದಿಸುವ ಕೈ, ಅದರ ಮೇಲೊಂದು ಕಿರೀಟ. ಈ ಮುದ್ರೆ 1909ರಿಂದಲೂ ಇದೆ.