ಏಳಲೊಲ್ಲದ ಗಣಕಯಂತ್ರ

ಪಡಸಾಲೆಯ ಮೂಲೆಯಲ್ಲಿ ಕಸೂತಿಯ ಹೊದಿಕೆ ಹೊದ್ದು, ನೆತ್ತಿಯ ಮೇಲೊಂದು ಗೊಂಬೆಯನ್ನೋ ಹಳೆಯ ಪಂಚಾಂಗವನ್ನೋ ಹೊತ್ತು ಕುಳಿತಿರುವ ಮೇಜಿನ ಕಂಪ್ಯೂಟರು ಇಂದಿಗೂ ನಮ್ಮ ಅನೇಕ ಮನೆಗಳಲ್ಲಿ ಉಂಟು. ೨೦೦೦ದ ಇಸವಿಯ ಆಚೀಚೆ ಸಾಲ ಮಾಡಿಯೋ, ಹಬ್ಬದ ಬೋನಸ್ಸು ಕೂಡಿಸಿಯೋ ತಂದದ್ದು ಅದು. ಬಂದ ದಿನ ಅರಿಸಿನ ಕುಂಕುಮವಿಟ್ಟು ಆರತಿ ಎತ್ತಿಸಿಕೊಂಡದ್ದೂ ಹೌದು. ಈಗ ಮಕ್ಕಳ ಕೈಗೆಲ್ಲ ಫೋನು ಬಂದಿದೆ. ಮುದಿ ಯಂತ್ರದ ಕಡೆಗೆ ಆಯುಧಪೂಜೆಯ ದಿನದ ಹೊರತು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಆದರೆ ಎಂದಾದರೊಂದು ದಿನ ಯಾವುದೋ ಹಳೆಯ ಪತ್ರ, ಯಾರದೋ ಮದುವೆಯ ಭಾವಚಿತ್ರ ಬೇಕಾಗುತ್ತದೆ. ಹೊದಿಕೆ ಸರಿಸಿ ಗುಂಡಿ ಒತ್ತಿದರೆ ಯಂತ್ರ ಏಳುವುದಿಲ್ಲ.

ಅಂಗಡಿಗೆ ಒಯ್ದರೆ ಸಿಕ್ಕುವ ಉತ್ತರ ಸಾಮಾನ್ಯವಾಗಿ ಒಂದೇ: "ಇದು ಹೋಯ್ತು ಸಾರ್, ಹೊಸದು ತೊಗೊಳ್ಳಿ." ಈ ಮರಣಪತ್ರಕ್ಕೆ ರುಜು ಹಾಕುವ ಮುನ್ನ ರೋಗಿಯ ನಾಡಿಯನ್ನಾದರೂ ಹಿಡಿದು ನೋಡಬೇಡವೆ?

ಕಂಪ್ಯೂಟರು ಎಚ್ಚರಗೊಳ್ಳುವುದಕ್ಕೆ 'ಬೂಟ್' ಆಗುವುದು ಎನ್ನುತ್ತಾರಷ್ಟೆ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ಮೇಲೆತ್ತಿಕೊಳ್ಳುವವನ ನಗೆಮಾತಿನಿಂದ ಹುಟ್ಟಿದ ಹೆಸರು ಅದು. ಎಷ್ಟೇ ಪಳಗಿದ ದೊಂಬರ ಹುಡುಗನಾದರೂ ತನ್ನ ಹೆಗಲನ್ನು ತಾನೇ ಏರಲಾರನೆಂದು ನಮ್ಮ ತಾರ್ಕಿಕರು ಹೇಳುವುದುಂಟು. ಈ ಯಂತ್ರ ದಿನವೂ ಏರಬೇಕಾದದ್ದು ಆ ಹೆಗಲನ್ನೇ. ಯಂತ್ರವನ್ನು ನಡೆಸುವ ಆಜ್ಞೆಗಳೆಲ್ಲ ಡಿಸ್ಕಿನಲ್ಲಿವೆ. ಡಿಸ್ಕನ್ನು ಓದು ಎನ್ನುವುದಕ್ಕೂ ಒಂದು ಆಜ್ಞೆ ಬೇಕು. ಈ ಗಂಟನ್ನು ಬಿಡಿಸಲೆಂದೇ ಒಳಗಿನ ದೊಡ್ಡ ಹಲಗೆಯ ಮೇಲೆ, ಅಂದರೆ ಮದರ್‌ಬೋರ್ಡಿನ ಮೇಲೆ, 'ಬಯಾಸ್' ಎಂಬ ಪುಟ್ಟ ಕ್ರಮವಿಧಿಯನ್ನು ಒಂದು ಚಿಪ್ಪಿನಲ್ಲಿ ಅಳಿಯದಂತೆ ಬರೆದಿಟ್ಟಿರುತ್ತಾರೆ. ವಿದ್ಯುತ್ತು ಹರಿದೊಡನೆ ಮೊದಲು ಏಳುವವನು ಇವನೇ. ನೆನಪಿನ ಪಟ್ಟಿಗಳಿವೆಯೇ, ಕೀಲಿಮಣೆ ಇದೆಯೇ, ಪರದೆಗೆ ಚಿತ್ರ ಕಳಿಸುವ ಭಾಗವಿದೆಯೇ ಎಂದು ಹಾಜರಿ ಕೂಗಿ, ಡಿಸ್ಕಿನ ಮೊಟ್ಟಮೊದಲ ೫೧೨ ಬೈಟುಗಳನ್ನು ಓದಿ, ಅಲ್ಲಿರುವ ಆಜ್ಞೆಯ ಕೈಗೆ ಯಜಮಾನಿಕೆಯನ್ನು ಒಪ್ಪಿಸಿ ಹಿಂದೆ ಸರಿಯುತ್ತಾನೆ. ಏಳದ ಯಂತ್ರದಲ್ಲಿ ಈ ಸರಪಳಿಯ ಯಾವುದೋ ಒಂದು ಕೊಂಡಿ ಕಳಚಿದೆ ಎಂದಷ್ಟೇ ಅರ್ಥ.

ಗುಂಡಿ ಒತ್ತಿದರೆ ದೀಪವೂ ಇಲ್ಲ, ಸದ್ದೂ ಇಲ್ಲ ಎಂದಾದರೆ ಗೋಡೆಯಿಂದಲೇ ಆರಂಭಿಸಿರಿ. ಆ ಪ್ಲಗ್ಗಿಗೆ ಒಂದು ಟೇಬಲ್ ದೀಪ ಸಿಕ್ಕಿಸಿ ನೋಡಬಹುದು. ನಡುವೆ ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಜೋಡಿಸಬೇಕು. ವರ್ಷಗಟ್ಟಲೆ ಬಿದ್ದಿರುವ ಯುಪಿಎಸ್ಸಿನ ಬ್ಯಾಟರಿ ಸತ್ತಿರುವುದೇ ಹೆಚ್ಚು. ಇಷ್ಟಾದರೂ ಜೀವ ಬಾರದಿದ್ದರೆ ಸಂಶಯ ಎಸ್‌ಎಂಪಿಎಸ್ ಪೆಟ್ಟಿಗೆಯ ಮೇಲೆ. ಗೋಡೆಯ ೨೩೦ ವೋಲ್ಟನ್ನು ೧೨, ೫, ೩.೩ ವೋಲ್ಟುಗಳಾಗಿ ಇಳಿಸಿ ಬಡಿಸುವುದು ಅದರ ಕೆಲಸ. ಅದನ್ನು ಬದಲಾಯಿಸಬಹುದು, ಆದರೆ ಬಿಚ್ಚಕೂಡದು. ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ೩೦೦ ವೋಲ್ಟಿಗೆ ಮೀರಿದ ವಿದ್ಯುತ್ತು ಕೆಲಕಾಲ ಅಡಗಿ ಕುಳಿತಿರಬಹುದು. ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದ ಉತ್ಸಾಹಿ ತರುಣರಿದ್ದರೆ ಹಿರಿಯರು ಈ ಒಂದು ಮಾತನ್ನು ಎರಡು ಸಲ ಹೇಳುವುದು ಲೇಸು.

ಗಾಳಿಯ ಚಕ್ರ ತಿರುಗುತ್ತದೆ, ಪರದೆ ಮಾತ್ರ ಕಪ್ಪು: ಇದು ಎರಡನೆಯ ಬಗೆ. ಇಲ್ಲಿ ಕಿವಿಗೆ ಕೆಲಸ. ಹಾಜರಿ ತಪ್ಪಿದಾಗ ಬಯಾಸ್ ಪರದೆಯ ಮೇಲೆ ಬರೆಯಲಾರದೆ ಕೂಗುತ್ತದೆ. ಒಂದು ದೀರ್ಘ ಎರಡು ಹ್ರಸ್ವ ಕೂಗಿದರೆ ಅನೇಕ ಹಳೆಯ ಯಂತ್ರಗಳಲ್ಲಿ ಚಿತ್ರದ ಭಾಗದ ದೋಷ. ಬಿಡದೆ ಕೂಗುತ್ತಿದ್ದರೆ ಬಹುತೇಕ ನೆನಪಿನ ಪಟ್ಟಿಯ ದೋಷ. (ಛಂದಸ್ಸು ಪಾಠ ಹೇಳುವವನಿಗೆ ಈ ಲಘು ಗುರುಗಳ ಭಾಷೆ ಇಷ್ಟವಾದರೆ ಆಶ್ಚರ್ಯವೇನು!) ನಮ್ಮ ಮಳೆಗಾಲದ ತೇವಕ್ಕೂ ಬೀದಿಯ ಧೂಳಿಗೂ ಆ ಪಟ್ಟಿಯ ಅಂಚಿನ ಲೋಹದ ಹಲ್ಲುಗಳು ಮಂಕಾಗುತ್ತವೆ. ಪ್ಲಗ್ಗು ಕಿತ್ತು, ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಿ ಕೈಯ ಸ್ಥಾಯೀವಿದ್ಯುತ್ತನ್ನು ಇಳಿಸಿ, ಪಟ್ಟಿಯನ್ನು ಹೊರತೆಗೆದು, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಆ ಹಲ್ಲುಗಳನ್ನು ಮೆಲ್ಲನೆ ಉಜ್ಜಿ, ಪುಡಿ ಕೊಡವಿ ಮತ್ತೆ ಒತ್ತಿ ಕೂರಿಸಿದರೆ ಎಷ್ಟೋ ಸತ್ತ ಯಂತ್ರಗಳು ಎದ್ದು ಕುಳಿತದ್ದುಂಟು.

ಪರದೆಯ ಮೇಲೆ ಅಕ್ಷರಗಳು ಮೂಡಿ ಅಲ್ಲಿಗೇ ನಿಂತರೆ ಅದು ಪುಣ್ಯವೆಂದೇ ತಿಳಿಯಬೇಕು. ರೋಗಿ ಬಾಯಿಬಿಟ್ಟು ಹೇಳುತ್ತಿದ್ದಾನೆ. ಗಡಿಯಾರ ಹತ್ತಾರು ವರ್ಷ ಹಿಂದಕ್ಕೆ ಹೋಗಿ, 'ಎಫ್ ೧ ಒತ್ತಿ' ಎಂದು ಕೇಳಿದರೆ ನಾಣ್ಯದಂಥ ಸಿಆರ್ ೨೦೩೨ ಎಂಬ ೩ ವೋಲ್ಟಿನ ಸೆಲ್ಲು ಮುಗಿದಿದೆ. ಯಾವ ಗಡಿಯಾರದ ಅಂಗಡಿಯಲ್ಲೂ ಸಿಕ್ಕುತ್ತದೆ. ಡಿಸ್ಕಿಲ್ಲವೆಂದು ದೂರಿದರೆ ಕೇಬಲ್ಲು ಸಡಿಲವಾಗಿದೆಯೇ ನೋಡುವುದು. ಆದರೆ ಡಿಸ್ಕಿನಿಂದ ಟಕ್ ಟಕ್ ಎಂದು ಒಂದೇ ಸಮನೆ ಶಬ್ದ ಬರುತ್ತಿದ್ದರೆ ತಕ್ಷಣ ನಿಲ್ಲಿಸಿಬಿಡಿ. ನಿಮಿಷಕ್ಕೆ ೭೨೦೦ ಸುತ್ತು ಸುತ್ತುವ ಬಿಲ್ಲೆಯ ಮೇಲೆ ಕೂದಲೆಳೆಗಿಂತಲೂ ಎಷ್ಟೋ ಪಾಲು ಕಿರಿದಾದ ಅಂತರದಲ್ಲಿ ತೇಲುವ ಮೊನೆ ದಾರಿ ತಪ್ಪಿದ ಸದ್ದು ಅದು. 'ಇನ್ನೊಂದು ಸಲ ನೋಡೋಣ' ಎಂದು ಹಚ್ಚಿದಷ್ಟೂ ಒಳಗಿನ ಬರಹ ಕೆರೆದುಹೋಗಬಹುದು.

ನಮ್ಮ ಬೀದಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿದ್ದಾರೆ. ತಮ್ಮ ತಾಯಿ ಹಾಡುತ್ತಿದ್ದ ಬೀಸುವ ಪದ, ಸೋಬಾನೆ ಪದಗಳನ್ನು ೨೦೦೫ರಲ್ಲಿ ಕುಳಿತು 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದರು. ಕೈಬರಹದ ನೋಟುಪುಸ್ತಕಗಳು ಆಮೇಲೆ ಗೆದ್ದಲಿಗೆ ಆಹುತಿಯಾದವು, ತಾಯಿಯೂ ಕಾಲವಾದರು. ಉಳಿದದ್ದು ಯಂತ್ರದೊಳಗಿನ ಪ್ರತಿ ಒಂದೇ. ಅದು ಏಳಲೊಲ್ಲದು. "ಯಂತ್ರ ಹೋದರೆ ಹೋಗಲಿ ಮೇಷ್ಟ್ರೇ, ನಮ್ಮಮ್ಮನ ಹಾಡು ಹೋಗಬಾರದು," ಎಂದರು. ಅಂಗಡಿಯವನು ಹಳೆಯದನ್ನು ತೂಕಕ್ಕೆ ಕೊಂಡುಕೊಳ್ಳಲು ಸಿದ್ಧನಾಗಿದ್ದನಂತೆ.

ಕಂಪ್ಯೂಟರ್ ದುರಸ್ತಿಯಲ್ಲಿ ಪಳಗಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಪೆಟ್ಟಿಗೆ ತೆರೆದ. ಮದರ್‌ಬೋರ್ಡಿನ ಮೇಲೆ ನಿಂತಿದ್ದ ಪುಟ್ಟ ಲೋಹದ ಡಬ್ಬಿಗಳಲ್ಲಿ ನಾಲ್ಕರ ನೆತ್ತಿ ಪೂರಿಯಂತೆ ಉಬ್ಬಿತ್ತು. ಒಂದರಿಂದ ಕಂದು ರಸ ಸೋರಿ ಒಣಗಿತ್ತು. ಇವು ಕೆಪಾಸಿಟರುಗಳು. ೧೯೯೯ರಿಂದ ೨೦೦೭ರವರೆಗಿನ ಅವಧಿಯಲ್ಲಿ ತಯಾರಾದ ಅಸಂಖ್ಯಾತ ಯಂತ್ರಗಳಲ್ಲಿ ಕಳಪೆ ದ್ರಾವಣ ತುಂಬಿದ ಇಂಥ ಡಬ್ಬಿಗಳು ಸೇರಿ, ಲೋಕದಾದ್ಯಂತ ಇದೇ ಕಾಯಿಲೆ ಹರಡಿತ್ತು. ಹೊಸದನ್ನು ಬೆಸೆಯಬಹುದು, ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಹುಡುಕಿದರೆ ಸಿಕ್ಕದ ಬಿಡಿಭಾಗ ಕಡಮೆ. ಹುಡುಗ ಅದಕ್ಕೆ ಕೈಹಾಕಲಿಲ್ಲ. ಡಿಸ್ಕನ್ನು ಕಳಚಿ, ಯುಎಸ್‌ಬಿ ಅಡಾಪ್ಟರೊಂದರ ಮೂಲಕ ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದ. ಯಂತ್ರ ಸತ್ತರೆ ಡಿಸ್ಕು ಸಾಯಬೇಕೆಂದಿಲ್ಲ, ಅಂಗಡಿಯವರು ಹೇಳದೆ ಬಿಡುವ ಮಾತು ಇದೇ. ಡಿಸ್ಕು ತಿರುಗಿತು, ಕಡತ ಕಂಡಿತು. ಹುಡುಗ ಮೊದಲು ಎಲ್ಲವನ್ನೂ ನಕಲು ಮಾಡಿಕೊಂಡ, ಆಮೇಲೆ ತೆರೆದ.

ತೆರೆದರೆ ಕನ್ನಡವೇ ಇಲ್ಲ! ಸಾಲುಸಾಲಿಗೂ ತಲೆಯ ಮೇಲೆ ಚುಕ್ಕೆ ಗೀಟು ಹೊತ್ತ ರೋಮನ್ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು. ರಾಯರ ಮುಖ ಬಿಳುಪೇರಿತು. ಆದರೆ ಬರಹ ಕೆಟ್ಟಿರಲಿಲ್ಲ. ಆ ಕಾಲದ ಕನ್ನಡ ತಂತ್ರಾಂಶಗಳು ಯುರೋಪಿನ ಅಕ್ಷರಗಳಿಗೆಂದು ಇಟ್ಟ ಗೂಡುಗಳಲ್ಲಿ ನಮ್ಮ ಕೊಂಬು, ದೀರ್ಘ, ಒತ್ತುಗಳ ಆಕಾರಗಳನ್ನು ಕೂರಿಸುತ್ತಿದ್ದವು. ಕಡತದಲ್ಲಿ ಉಳಿಯುವುದು ಗೂಡಿನ ಸಂಖ್ಯೆ ಮಾತ್ರ. ಆ ಫಾಂಟು ಇಲ್ಲದ ಕಡೆ ಗೂಡಿನ ಮೂಲನಿವಾಸಿಗಳೇ ಇಣುಕುತ್ತಾರೆ. ೧೯೯೧ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆ ಇತ್ತಾದರೂ ನಾವು ಬಹುಕಾಲ ಬಾಡಿಗೆಯ ಗೂಡಿನಲ್ಲೇ ಕಳೆದೆವು. ಹಳೆಯ ಫಾಂಟನ್ನು ಹಾಕಿದೊಡನೆ ಪದಗಳು ಮೂಡಿದವು. ಪರಿವರ್ತಕವೊಂದರ ಮೂಲಕ ಅವನ್ನು ಯೂನಿಕೋಡಿಗೆ ತಂದದ್ದಾಯಿತು.

ಪರಿವರ್ತನೆಯಲ್ಲಿ ಅಲ್ಲಲ್ಲಿ ಅರ್ಕಾವತ್ತು ಸ್ಥಳ ತಪ್ಪಿದೆ, ಕೆಲವು ಒತ್ತಕ್ಷರಗಳು ಕಳಚಿವೆ. ಹೋಲಿಸಿ ನೋಡಲು ಮೂಲ ಪುಸ್ತಕವಿಲ್ಲ. ರಾಯರು ಸಂಜೆಯ ಹೊತ್ತು ಮೊಮ್ಮಗಳಿಂದ ಓದಿಸಿ, ತಾಯಿಯ ಧಾಟಿಯಲ್ಲಿ ತಾವೇ ಒಮ್ಮೆ ಗುನುಗಿ, ಮಾತ್ರೆ ಎಲ್ಲಿ ಎಡವುತ್ತದೆಯೋ ಅಲ್ಲಿ ತಿದ್ದಿಸುತ್ತಿದ್ದಾರೆ. ಸೋಬಾನೆ ಪದಗಳು ಮುಗಿದಿವೆ. ಬೀಸುವ ಪದಗಳು ಇನ್ನೂ ಅರ್ಧ ಉಳಿದಿವೆ.