ಚಿತ್ರಕ್ಕಿಂತ ಮುಂದೆ ಬರುವ ಸುದ್ದಿ

2025ರ ಜೂನ್ 3ರ ರಾತ್ರಿ ಬೆಂಗಳೂರಿನ ಕ್ರಿಕೆಟ್ ತಂಡವು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ಓಟಗಳಿಂದ ಸೋಲಿಸಿ ಮೊಟ್ಟಮೊದಲ ಬಾರಿಗೆ ಐ.ಪಿ.ಎಲ್. ಪ್ರಶಸ್ತಿಯನ್ನು ಗೆದ್ದಿತು. ಇಂಥ ಪಂದ್ಯವೊಂದನ್ನು ದಾವಣಗೆರೆಯ ವಿದ್ಯಾರ್ಥಿಯೊಬ್ಬನು ಮೊಬೈಲಿನಲ್ಲಿ ನೋಡುತ್ತ, 2023ರಲ್ಲಿ ಎಕ್ಸ್ ಎಂದು ಹೆಸರು ಬದಲಿಸಿದ ಟ್ವಿಟರಿನಲ್ಲಿ ಎಸೆತ ಎಸೆತಕ್ಕೂ ಬರೆಯಲು ಕುಳಿತನೆಂದು ಊಹಿಸೋಣ. ಅವನ ಪರದೆಯಲ್ಲಿ ವಿಕೆಟ್ ಬೀಳುವ ಮುನ್ನವೇ ಮೈದಾನದಲ್ಲಿರುವವರ ಟ್ವೀಟು ಬಂದಿರುತ್ತದೆ, ಕುತೂಹಲವೆಲ್ಲ ಮಣ್ಣುಪಾಲು! ಹೀಗೇಕಾಗುತ್ತದೆ?

ದೋಷವು ದೂರದ್ದಲ್ಲ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ ಹೋಗಿ ಬರಲು ರೇಡಿಯೋ ಅಲೆಗೆ ಕಾಲು ಸೆಕೆಂಡು ಸಾಕು. ಆದರೆ ಅಂತರ್ಜಾಲದಲ್ಲಿ ಚಿತ್ರವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಅಡಕಗೊಳಿಸಿ ಕಳುಹಿಸುತ್ತಾರೆ. ನಡುವೆ ತಡೆಯುಂಟಾಗದಿರಲೆಂದು ಮೊಬೈಲು ಹಲವು ತುಣುಕುಗಳನ್ನು ಕೂಡಿಟ್ಟುಕೊಂಡು ಅನಂತರವೇ ತೋರಿಸುತ್ತದೆ. ಇದರಲ್ಲಿ 30–40 ಸೆಕೆಂಡು ಕಳೆಯುವುದುಂಟು. ದಾವಣಗೆರೆಯಲ್ಲಿ ಎದ್ದ ಕೂಗು, ಅಷ್ಟು ದೂರ ಕೇಳಿಸುವಂತಿದ್ದರೆ, 14 ಕಿಲೋಮೀಟರ್ ಆಚೆಯ ಹರಿಹರವನ್ನು ಮುಟ್ಟಲು ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿಯುತ್ತದೆ! ಟ್ವೀಟಾದರೋ ಕೆಲವೇ ಅಕ್ಷರಗಳ ಹಗುರವಾದ ಗಂಟು. ಅದಕ್ಕೆ ಕೂಡಿಡುವ ಗೊಡವೆಯಿಲ್ಲ.

ವಿದ್ಯಾರ್ಥಿಗೆ ಇದರಿಂದ ಆಗುವ ನಷ್ಟ ಒಂದು ರೋಮಾಂಚನವಷ್ಟೆ. ಆದರೆ ಇದೇ ಅಂತರವನ್ನು ಬಂಡವಾಳ ಮಾಡಿಕೊಂಡು ಮೈದಾನದಿಂದ ಜೂಜುಕೋರರಿಗೆ ಸುದ್ದಿ ಮುಟ್ಟಿಸುವವರೂ ಇದ್ದಾರೆ. ಅಂಥವರನ್ನು ಕ್ರೀಡಾಂಗಣಗಳಿಂದ ಹೊರಗಟ್ಟಿದ ಪ್ರಸಂಗಗಳು ಹಲವಾರು ನಡೆದಿವೆ.